ಕುಂಕುಮ ಹಚ್ಚಿಸಿಕೊಂಡ ರೂಬಲ್ಲುಗಳು

ಆಗೆಲ್ಲ ಅಮೆರಿಕದ ಗೈದರ್ಸ್‌ಬರ್ಗಿನಲ್ಲಿ ಕರಿಬೇವು ಬೇಕೆಂದರೆ ಶನಿವಾರದವರೆಗೆ ಕಾಯಬೇಕಿತ್ತು. ಅಕ್ಟೋಬರ್ ಬಂತೆಂದರೆ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆಲ್ಲ ಒದ್ದೆ ಎಲೆಗಳ ವಾಸನೆ. ತೊಂಬತ್ತರ ದಶಕದ ನಡುವಿನ ಅಂಥದೊಂದು ಅಕ್ಟೋಬರಿನಲ್ಲಿ ಮೈಸೂರಿನಿಂದ ನನ್ನ ಅಜ್ಜಿ ಬಂದಿದ್ದರು.

ಕೆಳಗಿನ ಮನೆಯ ಹುಡುಗಿ ನನ್ನ ಕ್ಲಾಸಿನವಳು, ಜಾರ್ಜಿಯಾದವಳು. ನಮ್ಮ ಚಿಕ್ಕಪ್ಪ ಇಲ್ಲಿನ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿದ್ದುದರಿಂದ ಅವರು ಗೊತ್ತೇನೆಂದು ಮೊದಲ ದಿನವೇ ವಿಚಾರಿಸಿದ್ದೆ. ಅದು ಬೇರೆ ಜಾರ್ಜಿಯಾ, ರಷ್ಯಾದ ಪಕ್ಕದ ದೇಶ ಎಂದು ಅವಳು ಬೇಸರಿಸದೆ ಹೇಳಿದಳು. ಅವಳ ಹೆಸರು ನೀನೋ. ಅಜ್ಜಿ ಹೆಸರು ಕೇಳಿದಾಗ ಅವಳು ಹಾಗೆಂದದ್ದೇ ತಡ, ಅಜ್ಜಿ ಗಂಭೀರವಾಗಿ, "ನಾನು ಇವಳಜ್ಜಿ. ನಿನ್ನ ಹೆಸರು ಕೇಳಿದ್ದು" ಎಂದರು.

ಒಂದು ದಿನ ನೀನೋ ಬಿಸ್ಕತ್ತಿನ ಡಬ್ಬಿ ತುಂಬ ಕೆಂಪು ನೋಟು ತಂದಳು. ಎಲ್ಲವೂ ಹತ್ತು ರೂಬಲ್ಲಿನವು. ಸೋವಿಯತ್ ಒಕ್ಕೂಟ ಒಡೆದು ಅದರ ದುಡ್ಡು ಎಲ್ಲಿಯೂ ನಡೆಯದಂತಾಗಿ, ಅವಳ ಅಜ್ಜಿ ಅವನ್ನು ಆಟಕ್ಕೆ ಕೊಟ್ಟುಬಿಟ್ಟಿದ್ದರು. ನಾವು ಮೆಟ್ಟಿಲ ಮೇಲೆ ಅಂಗಡಿ ತೆರೆದೆವು. ಮೇಪಲ್ ಎಲೆಗೆ ಹತ್ತು ರೂಬಲ್, ಅಜ್ಜಿಯ ಕೋಡುಬಳೆಗೂ ಹತ್ತೇ ರೂಬಲ್. ಗಾಳಿಗೆ ಹಾರಿದ ನೋಟೊಂದನ್ನು ನಾನು ಶೂನಿಂದ ಒತ್ತಿ ಹಿಡಿದೆ. ಅದೇ ಹೊತ್ತಿಗೆ ಅಜ್ಜಿ ಬಾಗಿಲು ತೆರೆದರು.

"ದುಡ್ಡನ್ನ ತುಳೀತೀಯೇನೇ? ಕಣ್ಣಿಗೊತ್ಕೋ."

"ಅಜ್ಜಿ, ಇಟ್ಸ್ ಓಕೆ. ಇದ್ರಲ್ಲಿ ಏನೂ ಬೈ ಮಾಡಕ್ಕಾಗಲ್ಲ."

"ಏನೂ ಬರದೇ ಇದ್ರೂ ಲಕ್ಷ್ಮಿ ಲಕ್ಷ್ಮೀನೇ."

ಅಂಗಡಿ ಅಲ್ಲಿಗೆ ಮುಚ್ಚಿತು. ಅಜ್ಜಿ ಕನ್ನಡಕ ಏರಿಸಿ ನೋಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಅದರಲ್ಲಿ ಬೇರೆ ಬೇರೆ ಲಿಪಿಯ ಪುಟ್ಟ ಸಾಲುಗಳಿದ್ದವು. ಒಂದು ಸಾಲಂತೂ ಬರೀ ಗುಂಡು ಗುಂಡು ಅಕ್ಷರ.

"ಇಲ್ನೋಡು, ಕನ್ನಡ" ಎಂದರು ಅಜ್ಜಿ.

ಅಕ್ಷರಮಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ನನಗೆ ವಾದಿಸುವ ಧೈರ್ಯವಿರಲಿಲ್ಲ. ಅಜ್ಜಿ ಡಬ್ಬಿ ಎತ್ತಿಕೊಂಡು ಕೆಳಗಿಳಿದರು. ಬಾಗಿಲು ತೆಗೆದವರು ಕಪ್ಪು ಉಡುಪಿನ, ಎತ್ತರದ ಬೇಬಿಯಾ; ಬೇಬಿಯಾ ಎಂದರೆ ಅವರ ಭಾಷೆಯಲ್ಲಿ ಅಜ್ಜಿಯೆಂದೇ ಅರ್ಥ. ನೋಟಿನಲ್ಲಿ ಕನ್ನಡವಿದೆ ಎಂಬ ಸುದ್ದಿಯನ್ನು ನಾನು ಇಂಗ್ಲಿಷಿನಲ್ಲಿ ನೀನೋಗೆ ಹೇಳಿದೆ, ಅವಳು ಬೇಬಿಯಾಗೆ ದಾಟಿಸಿದಳು. ಬೇಬಿಯಾಳ ಮುಖ ಕೆಂಪಾಯಿತು. ಆ ಗುಂಡು ಸಾಲಿನ ಕೆಳಗೆ ಉಗುರಿಟ್ಟು, "ಅತಿ ಮನೇತಿ" ಎಂದು ಒತ್ತಿ ಓದಿದರು.

"ದಟ್ಸ್ ಜಾರ್ಜಿಯನ್. ಹತ್ತು ರೂಬಲ್ ಅಂತ" ಎಂದಳು ನೀನೋ.

"ಅತಿ ಅಂದ್ರಲ್ಲ? ಅದು ಕನ್ನಡ ಅಲ್ದೆ ಇನ್ನೇನು?" ಎಂದರು ಅಜ್ಜಿ.

ಸಾಕ್ಷಿಗೆಂದು ಅವರು ಪರ್ಸಿನಿಂದ ಹತ್ತು ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. ನಾವು ಮಕ್ಕಳು ಎರಡೂ ನೋಟಿನ ಭಾಷೆಗಳನ್ನು ಎಣಿಸಿದೆವು. ಅಲ್ಲೂ ಹದಿನೈದು, ಇಲ್ಲೂ ಹದಿನೈದು. ಅಜ್ಜಿ ತಮ್ಮ ಸಾಲು ತೋರಿಸಿ "ಹತ್ತು ರೂಪಾಯಿಗಳು" ಎಂದು ಓದಿದರು. ಬೇಬಿಯಾ ಬಗ್ಗಿ, ಆ ಅಕ್ಷರಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕಾಫಿ ಬಂತು. ಜೊತೆಗೆ ದ್ರಾಕ್ಷಿಪಾಕದಲ್ಲಿ ಅದ್ದಿದ ಅಕ್ರೋಟಿನ ಸರವೂ ಬಂತು. ಅದನ್ನು ಮೇಣದಬತ್ತಿ ಎಂದುಕೊಂಡು ಅಜ್ಜಿ ದಾರ ಹಿಡಿದು ಬೆಂಕಿಕಡ್ಡಿ ಕೇಳಿದರು. ಹೊರಡುವಾಗ ಬೇಬಿಯಾ ಡಬ್ಬಿಯನ್ನು ಅಜ್ಜಿಯ ಕೈಗೇ ಇಟ್ಟರು.

ದೀಪಾವಳಿಯಂದು ಲಕ್ಷ್ಮೀಪೂಜೆಗೆ ಅಜ್ಜಿ ಆ ನೋಟುಗಳನ್ನು ತಟ್ಟೆಯಲ್ಲಿ ಜೋಡಿಸಿ, ಪ್ರತಿಯೊಂದರ ಮೇಲಿದ್ದ ಬೋಳುತಲೆಯ ನಾಯಕನ ಹಣೆಗೂ ಕುಂಕುಮ ಇಟ್ಟರು.

"ಅಮ್ಮಾ, ಆತ ದೇವರನ್ನೇ ನಂಬ್ತಿರ್ಲಿಲ್ವಂತೆ" ಎಂದು ನನ್ನ ತಾಯಿ ಮೆಲ್ಲಗೆ ಹೇಳಿದರು.

"ನಂಬ್ದೆ ಇದ್ರೇನು, ಹಣೆ ಇದ್ಯಲ್ಲ."

ಧೂಪ ಹಾಕಿದ್ದೇ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಬೆಂಕಿ ಬಿತ್ತೆಂದು ಬೇಬಿಯಾ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದರು, ಹಿಂದೆ ನೀನೋ. ತಟ್ಟೆ ಕಂಡ ಬೇಬಿಯಾ ನಿಂತಲ್ಲೇ ನಿಂತರು. ಅವಮಾನವಾಯಿತೇನೋ, ಇನ್ನು ನೀನೋಳನ್ನು ನಮ್ಮ ಮನೆಗೆ ಕಳಿಸುವುದಿಲ್ಲವೇನೋ ಎಂದು ನಾನು ನೀನೋಳ ಮುಖ ನೋಡಿದೆ. ಅವರು ಒಂದು ನೋಟೆತ್ತಿ ಆ ಕುಂಕುಮದ ಬೋಳುತಲೆ ನೋಡಿದರು. ನಗು ಶುರುವಾಯಿತು. ಕಾರ್ಪೆಟ್ಟಿನ ಮೇಲೆ ಕುಸಿದು ಕೂತು ನಕ್ಕರು, ನಗುನಗುತ್ತಲೇ ಕಣ್ಣೊರೆಸಿಕೊಂಡರು.

ಅದು ಬೇಬಿಯಾ ಮತ್ತು ಅವರ ಗಂಡ ಕಾರು ಕೊಳ್ಳಲು ಕೂಡಿಟ್ಟ ಹಣವಂತೆ. ಅಲ್ಲಿ ಕಾರಿಗೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಇವರ ಸರದಿ ಬರುವಷ್ಟರಲ್ಲಿ ಗಂಡನೂ ಇರಲಿಲ್ಲ, ಅಷ್ಟೂ ದುಡ್ಡಿಗೆ ಬ್ರೆಡ್ಡು ಸಿಕ್ಕರೆ ಪುಣ್ಯ.

ನೀನೋ ಹೇಳಿದ್ದನ್ನು ನಾನು ನನ್ನ ಹರಕು ಕನ್ನಡಕ್ಕಿಳಿಸಿದೆ. ಅಜ್ಜಿ ಆ ನೋಟನ್ನು ಮತ್ತೆ ತಟ್ಟೆಯಲ್ಲಿಟ್ಟರು.

"ಯಾವ ಬಣ್ಣದ್ದಂತೆ ಕಾರು?"

"ವೈಟ್."

ಅಜ್ಜಿ ತಟ್ಟೆಯ ಮೇಲೊಂದು ಬಿಳಿ ಹೂವಿಟ್ಟರು. "ಅದಕ್ಕೂ ಪೂಜೆ ಆಯ್ತು ಅನ್ನು."

ಚಳಿಗಾಲದಲ್ಲಿ ನೀನೋಳ ಮನೆಯವರು ದೂರದ ಷಾರ್ಲೆಟ್ ಊರಿಗೆ ಮನೆ ಬದಲಿಸಿದರು. ಆದರೂ ಭಾನುವಾರ ಬೇಬಿಯಾಳ ಫೋನ್ ತಪ್ಪುತ್ತಿರಲಿಲ್ಲ. ಈ ಕಡೆಯಿಂದ ಕನ್ನಡ, ಆ ಕಡೆಯಿಂದ ಜಾರ್ಜಿಯನ್, ನಡುವೆ ಅನುವಾದಕ್ಕೆ ಯಾರೂ ಇಲ್ಲ. ಒಮ್ಮೆ ಫೋನ್ ಇಟ್ಟ ಅಜ್ಜಿ, "ಪಾಪ, ಅವಳಿಗೆ ಮಂಡಿ ನೋವಂತೆ" ಎಂದರು. ನಾವೆಲ್ಲ ನಕ್ಕೆವು. ಆಮೇಲೆ ನೀನೋಳನ್ನು ಕೇಳಿದರೆ, ನಿಜ.

ಈಗ ಇಬ್ಬರು ಅಜ್ಜಿಯರೂ ಇಲ್ಲ. ನೀನೋಳ ನಂಬರ್ ನನ್ನ ಫೋನಿನಲ್ಲಿದೆ, ಕರೆಗೆ ಕಾಸೂ ಬೀಳುವುದಿಲ್ಲ. ಒಂದೇ ಭಾಷೆ ನಮ್ಮಿಬ್ಬರಿಗೂ ನೀರು ಕುಡಿದಷ್ಟು ಸಲೀಸು. ಹುಟ್ಟುಹಬ್ಬ ಬಂದಾಗ ಅದರಲ್ಲಿ ಎರಡು ಪದ ಟೈಪ್ ಮಾಡುತ್ತೇವೆ. ಅವಳಿಗೆ ಎಲ್ಲಿ ನೋಯುತ್ತದೋ ನನಗೆ ಗೊತ್ತಿಲ್ಲ.