ತಾಯಿದಿಬ್ಬದ ಸುತ್ತು ದಾರಿ

ನನ್ನ ದೊಡ್ಡಮ್ಮನಿಗೆ ಊರವರು ಇಟ್ಟ ಹೆಸರು ಜೊತೆಯಮ್ಮ. ಪ್ರೀತಿಯಿಂದ ಇಟ್ಟದ್ದೇನಲ್ಲ. ಯಾವ ಮಾತು ಬಂದರೂ ಅವಳು 'ಎಲ್ಲರೂ ಜೊತೆಗೆ ಮಾಡಿದ್ರೆ ಆಗುತ್ತೆ' ಎಂದೇ ಶುರು ಮಾಡುತ್ತಿದ್ದಳು. ಒಲೆ ಹಚ್ಚುವುದಕ್ಕೂ ಮೀಟಿಂಗ್ ಕರೀತಾಳೆ ಎಂದು ಗಂಡಸರು ನಗುತ್ತಿದ್ದರು. ನಗಲಿ ಬಿಡಿ. ಹೊಳೆ ಸಮುದ್ರ ಸೇರುವಲ್ಲಿ ಹೆಂಗಸರಿಗೆ ಇನ್ನೂ ಚಿಪ್ಪುಮೀನು ಸಿಗುತ್ತಿದ್ದರೆ ಅದು ಅವಳ ಆ ಹಟದಿಂದಲೇ. ಅದಕ್ಕೆ ತೆತ್ತದ್ದೂ ಅವಳ ಮನೆಯೇ.

ನಾನು ದಡದ ತಗಡಿನ ಶೆಡ್ಡಿನಲ್ಲಿ ಚಿಪ್ಪು ತೂಗುವವಳು. ನೀರು ಇಳಿದಾಗ ಹೆಂಗಸರು ಬುಟ್ಟಿ, ಕೈಗುದ್ದಲಿ ಹಿಡಿದು ಕೆಸರಿಗೆ ಇಳಿಯುತ್ತಾರೆ, ಏರುವ ಮೊದಲು ವಾಪಸು ಬರುತ್ತಾರೆ. ಮಧ್ಯಾಹ್ನ ವ್ಯಾಪಾರಿಯ ವ್ಯಾನು ಬರುತ್ತದೆ. ವ್ಯಾಪಾರಿ ಮಹಾ ಘಾಟಿ. ಒಬ್ಬೊಬ್ಬಳನ್ನೇ ಪಕ್ಕಕ್ಕೆ ಕರೆದು ಬೆಲೆ ಮುರಿಯಲು ನೋಡುತ್ತಾನೆ. ಅದಕ್ಕೇ ಹೆಂಗಸರಲ್ಲಿ ಒಂದು ಕಟ್ಟು ಬೆಳೆದುಬಂದಿತ್ತು: ಹೊರಗಿನವರ ಎದುರು ಮೊದಲು ಯಾರು ಬಾಯಿ ತೆರೆಯುತ್ತಾರೋ ಅವರ ಮಾತೇ ಎಲ್ಲರ ಮಾತು. ಅವಳು ತಪ್ಪು ಹೇಳಿದರೂ ಉಳಿದವರು ತುಟಿ ಪಿಟಕ್ಕೆನ್ನುವುದಿಲ್ಲ. ಜಗಳವೇನಿದ್ದರೂ ವ್ಯಾನು ಹೋದ ಮೇಲೆ. ಆಗ ಮಾತ್ರ ಜುಟ್ಟು ಹಿಡಿಯುವ ಮಟ್ಟಕ್ಕೂ ಹೋಗುತ್ತಿತ್ತು. ನಾನೇ ತಕ್ಕಡಿ ಬಿಟ್ಟು ಎಷ್ಟೋ ಸಲ ಬಿಡಿಸಿದ್ದೇನೆ.

ಮರಳೆತ್ತುವ ಯಂತ್ರಗಳು ಬಂದಮೇಲೆ ಈ ಬದುಕಿಗೆ ಕುತ್ತು ಬಂತು. ದೋಣಿಯ ಮೇಲಿನ ಪೈಪುಗಳು ಮರಳಿನ ಜೊತೆ ಕೆಸರು, ಮರಿಚಿಪ್ಪು ಎಲ್ಲವನ್ನೂ ಹೀರಿ ಉಗುಳುತ್ತಿದ್ದವು. ದಡಕ್ಕೂ ಹೆಂಗಸರು ಅಗೆಯುವ ಹೊರದಿಬ್ಬಕ್ಕೂ ನಡುವೆ ಇನ್ನೊಂದು ದಿಬ್ಬವಿದೆ, ಎತ್ತರದ್ದು, ಗಟ್ಟಿ ನೆಲದ್ದು. ಮರಿಗಳು ಬೆಳೆದು ಸುತ್ತಲೂ ಹರಡುವುದು ಅಲ್ಲಿಂದಲೇ. ನಾವು ಅದನ್ನು ತಾಯಿದಿಬ್ಬ ಎನ್ನುತ್ತೇವೆ. ಮರಳಿನ ಗುತ್ತಿಗೆದಾರನ ಕಣ್ಣು ಬಿದ್ದದ್ದು ಅದರ ಮೇಲೆಯೇ.

ದೊಡ್ಡಮ್ಮ ಸರ್ಕಾರಿ ಕಚೇರಿಯ ಮೆಟ್ಟಿಲು ಸವೆಸಿದಳು. ಗಂಡ ತೀರಿಕೊಂಡಿದ್ದ, ಮಗ, ಅಂದರೆ ನನ್ನ ಅಣ್ಣ, ದೋಣಿ ರಿಪೇರಿಗೆ ಹೋಗುತ್ತಿದ್ದ. ಮನೆ, ಒಲೆ, ಚಿಪ್ಪು ಅಗೆಯುವುದು ಎಲ್ಲವನ್ನೂ ಸೊಸೆ ನೋಡಿಕೊಂಡದ್ದರಿಂದ ಇವಳಿಗೆ ಓಡಾಡಲು ಸಾಧ್ಯವಾಯಿತು. ನಮ್ಮತ್ತಿಗೆ ಮೆದು ಮಾತಿನವಳು, ನಗು ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವವಳು. ಅತ್ತೆ ಮೀಟಿಂಗಿಗೆ ಹೊರಟರೆ ಚಪ್ಪಲಿಯ ಕೆಸರು ಒರೆಸಿ ಬಾಗಿಲಲ್ಲಿ ಇಡುತ್ತಿದ್ದಳು. ನಮ್ಮ ಪುಣ್ಯಕ್ಕೆ ಜಲಜೀವಿಗಳ ಬಗ್ಗೆ ಕೆಲಸ ಮಾಡುವ ಸಂಸ್ಥೆಯೊಂದರ ಮೇಡಂ ಸಿಕ್ಕರು. ಹೆಂಗಸರ ಸಂಘ, ಸಂಸ್ಥೆ, ಕಚೇರಿ ಮೂವರೂ ಸೇರಿ ಒಪ್ಪಂದವಾಯಿತು. ಯಂತ್ರಗಳು ಆಚೆ ಹೋಗಬೇಕು, ಹೊರದಿಬ್ಬದಲ್ಲಿ ಹೆಂಗಸರು ಅಗೆಯಬಹುದು, ತಾಯಿದಿಬ್ಬವನ್ನು ಯಾರೂ ಮುಟ್ಟಕೂಡದು. ಕಾಯುವವರು ನಾವೇ, ನಿಯಮ ಮಾಡುವವರೂ ನಾವೇ.

ದಿಬ್ಬದ ಸುತ್ತ ಕೆಂಪು ಬಟ್ಟೆ ಕಟ್ಟಿದ ಬಿದಿರ ಗಳುಗಳನ್ನು ನೆಡುವ ದಿನ ಮೇಡಂ ಕೂಡ ಮಂಡಿಯುದ್ದ ಕೆಸರಲ್ಲಿ ನಿಂತಿದ್ದರು. ಅವರು ಕೇಳಿದ್ದನ್ನು ನಾನೂ ಕೇಳಿಸಿಕೊಂಡೆ.

"ನಡುವೆ ಎಲ್ಲಾದ್ರೂ ದಾರಿ ಬಿಡ್ಬೇಕಾ? ನೀವು ಓಡಾಡೋದಿದ್ಯಾ ಇದರ ಮೇಲೆ?"

ಇತ್ತು. ಗಾಳಿ ಎದ್ದ ದಿನ, ನೀರು ಬೇಗ ತಿರುಗಿದ ದಿನ, ಹೊರದಿಬ್ಬದಿಂದ ದಡಕ್ಕೆ ತಾಯಿದಿಬ್ಬದ ಮೇಲೆಯೇ ನೇರ ಬರುತ್ತಿದ್ದರು. ಸುತ್ತು ದಾರಿ ತಗ್ಗಿನಲ್ಲಿದೆ, ಕಾಲು ಹೂಳುವ ಕೆಸರು, ಏರುವ ನೀರು ಮೊದಲು ತುಂಬುವುದೂ ಅಲ್ಲೇ. ಆದರೆ ಗುತ್ತಿಗೆದಾರ ದಡದಲ್ಲಿ ಕೊಡೆ ಹಿಡಿದು ನಿಂತಿದ್ದ. ಜನ ನಡೆಯಬಹುದಾದರೆ ನನ್ನ ದೋಣಿ ಯಾಕೆ ಹೋಗಬಾರದು ಎಂದು ಅವನು ಮೊದಲಿನಿಂದಲೂ ವಾದ ಹೂಡುತ್ತಿದ್ದ. ದೊಡ್ಡಮ್ಮ ಅವನ ಕಡೆ ಒಮ್ಮೆ ನೋಡಿದಳು.

"ಇಲ್ಲ ಮೇಡಂ, ಇದರ ಮೇಲೆ ಯಾರೂ ಓಡಾಡಲ್ಲ" ಎಂದಳು.

ಮೇಡಂ ಉಳಿದವರ ಮುಖ ನೋಡಿದರು. ಎಲ್ಲರೂ ತಲೆಯಾಡಿಸಿದರು. ವ್ಯಾಪಾರಿಯ ಎದುರು ಕಲಿತದ್ದನ್ನು ನಮ್ಮವರು ಜೊತೆಗಾರರ ಎದುರೂ ಮಾಡಿದರು. ಗಳುಗಳ ಸಾಲು ಎಲ್ಲೂ ಬಿಡದೆ ಸುತ್ತಿಕೊಂಡಿತು. ಸಂಜೆ ಶೆಡ್ಡಿನಲ್ಲಿ ಜಗಳವೇನೋ ಆಯಿತು. "ಸುತ್ತು ಹಾಕೋದಕ್ಕೆ ಕಾಲು ಸವೆಯಲ್ಲ ಕಣ್ರೇ, ದಿಬ್ಬ ಉಳೀಲಿ ಮೊದ್ಲು" ಎಂದು ದೊಡ್ಡಮ್ಮ ಎಲ್ಲರ ಬಾಯಿ ಮುಚ್ಚಿಸಿದಳು.

ದಿಬ್ಬ ಉಳಿಯಿತು. ಹೊರದಿಬ್ಬದಲ್ಲೂ ಚಿಪ್ಪು ಮತ್ತೆ ದಟ್ಟವಾಯಿತು. ಬೇರೆ ಊರುಗಳವರು ಬಂದು, ನೀವು ಹೇಗೆ ಮಾಡಿದಿರಿ ಎಂದು ಕೇಳಿಕೊಂಡು ಹೋದರು. ದೊಡ್ಡಮ್ಮ ಮೈಕು ಹಿಡಿದು ಮಾತಾಡುವುದನ್ನೂ ಕಲಿತಳು. ಸ್ವಲ್ಪ ಜಂಬವೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆ ದಿನ ಅವಳು ಊರಲ್ಲಿರಲಿಲ್ಲ, ಮೇಡಂ ಜೊತೆ ಅಂಥದ್ದೇ ಒಂದು ಸಭೆಗೆ ಹೋಗಿದ್ದಳು. ಬೆಳಿಗ್ಗೆ ನೆಟ್ಟಗಿದ್ದ ಆಕಾಶ ನೋಡನೋಡುತ್ತ ಕಪ್ಪಾಯಿತು. ಗಾಳಿ ನೀರನ್ನು ಒಳಗೆ ತಳ್ಳಿತು. ಶೆಡ್ಡಿನ ಬಾಗಿಲಿಂದ ನನಗೆ ಏನೂ ಕಾಣುತ್ತಿರಲಿಲ್ಲ, ಅಷ್ಟು ಮಬ್ಬು. ಹೆಂಗಸರು ಒಬ್ಬೊಬ್ಬರಾಗಿ ನೆನೆದು ತೊಪ್ಪೆಯಾಗಿ ಬಂದರು. ಅತ್ತಿಗೆ ಬರಲಿಲ್ಲ.

"ಅವಳು ಹಿಂದೆ ಉಳಿದ್ಲು" ಎಂದಳು ಮೊದಲು ಬಂದ ಕುಳ್ಳಿ. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಆಮೇಲೆ ಬಂದವರೆಲ್ಲ ಅದನ್ನೇ ಹೇಳಿದರು.

ನೀರಿಳಿದ ಮೇಲೆ ಅಣ್ಣನೇ ಹೋಗಿ ಹುಡುಕಿದ. ಸುತ್ತು ದಾರಿಯ ತಗ್ಗಿನಲ್ಲಿ, ಗಳುಗಳ ಸಾಲಿನ ಪಕ್ಕದಲ್ಲೇ ಸಿಕ್ಕಳು. ಒಂದು ಕಾಲು ಮಂಡಿಯವರೆಗೆ ಕೆಸರಲ್ಲಿ ಹೂತಿತ್ತು. ಅವನು ಅವಳನ್ನು ಹೆಗಲ ಮೇಲೆ ಹೊತ್ತು ತಂದ. ಆ ದೃಶ್ಯ ನನ್ನ ಕಣ್ಣಿಂದ ಹೋಗುವುದಿಲ್ಲ, ಹೋಗುವುದೂ ಬೇಡ.

ಅಣ್ಣ ಅಮ್ಮನ ಜೊತೆ ಮಾತು ಬಿಟ್ಟ. ಅವಳು ಬಡಿಸಿದ ತಟ್ಟೆ ಹಾಗೇ ಇರುತ್ತಿತ್ತು. ಗುತ್ತಿಗೆದಾರ ಮಾತ್ರ ಮನೆಮನೆಗೆ ಹೋಗಿ ಕಣ್ಣೊರೆಸಿಕೊಂಡ. ಚಿಪ್ಪಿಗಿರೋ ಬೆಲೆ ಮನುಷ್ಯರಿಗಿಲ್ಲವಾ ಎಂದು ಎಲ್ಲರನ್ನೂ ಕೇಳಿದ. ಅವನ ಬಾಯಿಂದ ಆ ಮಾತು ಕೇಳಿದಾಗ ನನಗೆ ತಕ್ಕಡಿಯ ಕಲ್ಲನ್ನೇ ಎತ್ತಿ ಬೀಸುವಷ್ಟು ಸಿಟ್ಟು ಬಂತು. ಆದರೆ ಕೇಳಿದವರಲ್ಲಿ ಅರ್ಧ ಜನ ಹೌದೆನ್ನುತ್ತಿದ್ದರು. ಒಪ್ಪಂದ ರದ್ದು ಮಾಡುವ ವಿಚಾರಕ್ಕೆ ಕಚೇರಿಯವರು ಶೆಡ್ಡಿನಲ್ಲೇ ಸಭೆ ಇಟ್ಟರು.

ಸಭೆಗೆ ಮುಂಚೆ ಮೇಡಂ ದೊಡ್ಡಮ್ಮನನ್ನು ನನ್ನ ತಕ್ಕಡಿಯ ಹಿಂದೆ ಕರೆದುಕೊಂಡು ಬಂದರು. ಅವರ ಕಣ್ಣೂ ಊದಿಕೊಂಡಿತ್ತು.

"ಅಮ್ಮಾ, ಹೇಳೋಕೆ ಕಷ್ಟ ಆಗುತ್ತೆ. ಅವಳು ಎಚ್ಚರಿಕೆ ಇಲ್ಲದೆ ಹಿಂದೆ ಉಳಿದ್ಲು ಅಂತಷ್ಟೇ ಹೇಳಿ. ದಿಬ್ಬ ಉಳಿಯುತ್ತೆ."

ದೊಡ್ಡಮ್ಮ ಹೋಗಿ ಚಾಪೆಯ ಮೇಲೆ ಹೆಂಗಸರ ನಡುವೆ ಕೂತಳು. ಅಣ್ಣ ಬಾಗಿಲಿಗೆ ಒರಗಿ ನಿಂತಿದ್ದ. ಕುರ್ಚಿಯಲ್ಲಿ ಕೂತ ಅಧಿಕಾರಿ ಏನಾಯಿತೆಂದು ಕೇಳಿದಾಗ ಅವಳು ಎದ್ದು ನಿಂತಳು.

"ನನ್ ಸೊಸೆ ಎಚ್ಚರಿಕೆ ಇಲ್ಲದವಳಲ್ಲ ಸಾರ್. ದಿಬ್ಬದ ಮೇಲೆ ದಾರಿ ಇತ್ತು. ಮೇಡಂ ಕೇಳಿದಾಗ ಇಲ್ಲ ಅಂದೋಳು ನಾನು. ದಾರಿ ಅಂದ್ರೆ ಇವ್ರು ದೋಣಿ ನುಗ್ಗಿಸ್ತಾರೆ ಅಂತ ಹೆದ್ರಿದೆ. ನಾನು ದಾರಿ ಮುಚ್ಚಿದ್ದಕ್ಕೇ ಅವಳು ಹೋದ್ಲು."

ಗುತ್ತಿಗೆದಾರ ಮೀಸೆಯಡಿಯಲ್ಲಿ ನಕ್ಕದ್ದನ್ನು ನಾನು ನೋಡಿದೆ.

"ಹಾಗಾದ್ರೆ ಇನ್ಮೇಲೆ ನಿಮ್ಮನ್ನ ನಂಬೋದು ಹೇಗೆ?" ಎಂದರು ಅಧಿಕಾರಿ.

"ಬರೀ ಮಾತು ನಂಬ್ಬೇಡಿ. ನಮ್ ಜೊತೆ ಕೆಸರಿಗೆ ಇಳಿದು ನೋಡಿ, ಆಮೇಲೆ ನಂಬಿ. ತಪ್ಪು ನಮ್ದು, ತಿದ್ದೋದನ್ನೂ ನಮಗೇ ಬಿಡಿ. ಇವ್ರ ಕೈಗೆ ಕೊಟ್ರೆ ತಿದ್ದೋಕೆ ದಿಬ್ಬಾನೇ ಇರಲ್ಲ."

ಕಟ್ಟಿನ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಮೊದಲು ಬಾಯಿ ತೆರೆದವಳು ಹೇಳಿಯಾಗಿತ್ತು. ಆದರೆ ಕುಳ್ಳಿ ಗೋಡೆ ಹಿಡಿದುಕೊಂಡು ಎದ್ದಳು. ಹೊರಗಿನವರ ಎದುರು ಎರಡನೆಯವಳು ಬಾಯಿ ತೆರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇತ್ತು ಅಲ್ಲ ಅಕ್ಕಾ, ಈಗ್ಲೂ ಇದೆ. ಗಳು ನೆಟ್ಟ ಮೇಲೂ ನಾವು ಅದ್ರಲ್ಲೇ ಬರ್ತಿದ್ವಿ, ಗಾಳಿ ಇದ್ದಾಗೆಲ್ಲ. ನೀವು ಇಲ್ಲದಾಗ. ಅವತ್ತೂ ನಾನು ದಾಟಿದೆ."

"ನಾನೂ" ಎಂದಳು ಇನ್ನೊಬ್ಬಳು. ಮತ್ತೊಬ್ಬಳು ಕೈ ಎತ್ತಿದಳು. ಹೀಗೆ ಚಾಪೆಯ ತುಂಬ ಕೈಗಳೆದ್ದವು.

ದೊಡ್ಡಮ್ಮ ಒಂದೊಂದು ಮುಖವನ್ನೂ ನೋಡಿದಳು. ದಿಬ್ಬಕ್ಕೆ ಏನೂ ಆಗಿರಲಿಲ್ಲ. ಇಷ್ಟು ಕಾಲ ಎಲ್ಲರ ಕಾಲೂ ಅದನ್ನು ತುಳಿದಿತ್ತು, ಚಿಪ್ಪು ಬೆಳೆದೇ ಇತ್ತು. ನಿಯಮವನ್ನು ಕೊನೆಯವರೆಗೂ ಪಾಲಿಸಿದವಳು ಅವಳ ಸೊಸೆ ಒಬ್ಬಳೇ.

ಅಧಿಕಾರಿ ಮೇಡಂ ಜೊತೆ ಬಹಳ ಹೊತ್ತು ಮಾತಾಡಿದರು. ಮೇಡಂ ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಹೆಂಗಸರು ದಾರಿಯನ್ನು ಗುರುತಿಸಿ ಕೊಡಬೇಕು, ಮೂರೂ ಕಡೆಯವರು ಸೇರಿ ನಡೆದು ನೋಡಬೇಕು, ಅಲ್ಲಿಯವರೆಗೆ ಒಪ್ಪಂದ ಇದ್ದ ಹಾಗೇ ಇರಲಿ ಎಂದಾಯಿತು. ಗುತ್ತಿಗೆದಾರ ಚಹಾ ಕುಡಿಯದೆ ಎದ್ದು ಹೋದ. ನಾವು ಗೆದ್ದಿದ್ದೆವು. ಯಾರಿಗೂ ಅದು ಗೆಲುವು ಅನ್ನಿಸಲಿಲ್ಲ.

ಮುಂದಿನ ಇಳಿತಕ್ಕೆ ಎಲ್ಲರೂ ಕೆಸರಿಗಿಳಿದೆವು. ಅಣ್ಣನೂ ಬಂದ. ಗಳುಗಳನ್ನು ಕಿತ್ತು ಎರಡು ಸಾಲಾಗಿ ನೆಟ್ಟ, ನಡುವೆ ಬುಟ್ಟಿ ಹೊತ್ತವರು ನಡೆಯುವಷ್ಟು ಜಾಗ ಬಿಟ್ಟು. ದೊಡ್ಡಮ್ಮ ಆ ದಾರಿಯಲ್ಲಿ ಅರ್ಧಕ್ಕೆ ಹೋಗಿ ನಿಂತಳು. ಅಲ್ಲಿಂದ ಸುತ್ತು ದಾರಿಯ ತಗ್ಗು ಕಾಣುತ್ತದೆ.

"ಕುಳ್ಳೀ, ಅವತ್ತು ನೀನು ಅವಳನ್ನ ಕರೀಲಿಲ್ವೇನೇ?"

"ಕರೆದೆ ಅಕ್ಕಾ. ಇಲ್ಲೇ ನಿಂತು ಕರೆದೆ. ಬಾರೇ, ಇವತ್ತೊಂದಿನ ದಾಟು ಅಂದೆ."

"ಕೇಳಿಸ್ಲಿಲ್ವಾ ಅವಳಿಗೆ?"

"ಕೇಳಿಸ್ತು. ಗಳುವಿನ ಹತ್ರ ಬಂದು ನಿಂತ್ಲು." ಕುಳ್ಳಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಹೋಗಿ, ನೀವು ದಾಟಿದ್ದನ್ನ ಅತ್ತೆಗೆ ಹೇಳಲ್ಲ ಅಂದ್ಲು. ನಕ್ಕಳು. ಆಮೇಲೆ ಆ ತಗ್ಗಿನ ಕಡೆ ತಿರುಗಿದ್ಲು."

ಅಣ್ಣನ ಕೈಯಲ್ಲಿದ್ದ ಗಳು ಹಾಗೇ ನಿಂತಿತು. ದೊಡ್ಡಮ್ಮ ಕೆಸರಲ್ಲೇ ಕುಕ್ಕರಿಸಿ ಕೂತಳು. ನೀರು ತಿರುಗುವವರೆಗೂ ಏಳಲಿಲ್ಲ. ಆಮೇಲೆ ಅಣ್ಣನೇ ಬಂದು ರಟ್ಟೆ ಹಿಡಿದು ಎಬ್ಬಿಸಿದ. ಇಬ್ಬರೂ ಆ ದಾರಿಯಲ್ಲೇ ದಡಕ್ಕೆ ಬಂದರು.