ಚೊಗರು ಬನಿಯನ್

ನನ್ನ ಬಾಯಲ್ಲಿ ಮೂವತ್ತೆರಡು ಹಲ್ಲೂ ಗಟ್ಟಿಯಾಗಿವೆ. ಹೊನ್ನಾಳಿಯ ಹೊಳೆಬಾಗಿಲು ಕೇರಿಯಲ್ಲಿ ಇದು ಹೇಳಿಕೊಳ್ಳುವ ಮಾತಲ್ಲ. ನಮ್ಮ ಕೇರಿಯ ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಡಿದವನಿಗೆ ಒಂದು ಹಲ್ಲಾದರೂ ಹೋಗಿರಬೇಕು, ಇಲ್ಲವೇ ಮೂಗು ಸೊಟ್ಟಗಿರಬೇಕು. ನಾನು ಆಡಿದವನಲ್ಲ. ಅಕ್ಕಿ ಗಿರಣಿಯಲ್ಲಿ ಮೂಟೆಯ ಬಾಯಿ ಹೊಲಿಯುವ ದಿನಗೂಲಿಯವನು. ದಬ್ಬಳ ಹಿಡಿಯಲು ಬರುತ್ತದೆಂಬ ಒಂದೇ ಯೋಗ್ಯತೆ ನೋಡಿ, ಹರಿದ ಚೆಂಡು ಹೊಲಿಯಲು ಸೇರಿಸಿಕೊಂಡಿದ್ದರು. ಆಟದ ದಿನ ಗೆರೆಯ ಪಕ್ಕ ಬಾವುಟ ಹಿಡಿದು ಓಡುವುದೂ ನನ್ನದೇ. ಬಾವುಟ ಅಂದರೆ ಒಂದು ಬಿದಿರಿನ ಗಳ, ತುದಿಗೆ ಮೊಳೆ, ಮೊಳೆಗೆ ಸಿಕ್ಕಿಸಿದ ಬಟ್ಟೆ ಚೂರು.

ಕ್ಲಬ್ಬು ಕಟ್ಟಿದವನು ಉಚ್ಚಂಗೆಪ್ಪ, ನಮ್ಮ ಗಿರಣಿಯ ಹಮಾಲಿ. ಭದ್ರಾವತಿಯಲ್ಲಿ ಕೂಲಿಗಿದ್ದಾಗ ಆಟ ಕಲಿತು, ಎಪ್ಪತ್ತೊಂದರಲ್ಲಿ ಒಂದು ಚೆಂಡನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದನಂತೆ. ಕೇರಿಯ ಒಂದು ಕಡೆ ಹೊಳೆ, ಇನ್ನೊಂದು ಕಡೆ ಗದ್ದೆ. ಚೆಂಡು ಉರುಳುವಷ್ಟು ಚಪ್ಪಟೆ ನೆಲವೆಂದರೆ ಮುರುಗೇಶಪ್ಪನವರು ಅಡಿಕೆ ಒಣಗಿಸುವ ಕಣ ಮಾತ್ರ. ಶಿವರಾತ್ರಿ ಕಳೆದು ಕಣ ಖಾಲಿಯಾದ ಮೇಲೆ ಅದು ನಮ್ಮದು.

ಬನಿಯನ್ನಿನ ಬಣ್ಣವೂ ಅಲ್ಲಿಯದೇ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರಿನಲ್ಲಿ, ಕಾರ್ತಿಕ ಮಾಸದಲ್ಲೇ, ಮೂರು ಸಲ ಅದ್ದಿ ಒಣಗಿಸುತ್ತಿದ್ದೆವು. ಉಚ್ಚಂಗೆಪ್ಪನ ಲೆಕ್ಕಾಚಾರ ಬೇರೆ ಇತ್ತು. "ಚೊಗರಿನ ಮ್ಯಾಲೆ ರಕ್ತ ಕಾಣಾಕಿಲ್ಲ ಕಣ್ರಲೇ. ನಮಗೆ ನೋವಾಗೈತೆ ಅಂತ ಎದುರಿನೋರಿಗೆ ಯಾವತ್ತೂ ಗೊತ್ತಾಗಬಾರ್ದು."

ನೋವಂತೂ ಬೇಕಾದಷ್ಟಿತ್ತು. ಎಪ್ಪತ್ತಾರರಲ್ಲಿ ಸವಳಂಗದವರು ನಮ್ಮ ಬೋರಣ್ಣನ ಹೆಗಲ ಮೂಳೆ ಮುರಿದರು. ಮರುವರ್ಷ ಉಚ್ಚಂಗೆಪ್ಪ ಅವರ ಗೋಲ್‌ಕೀಪರನ ಮುಖಕ್ಕೆ ಹಣೆಯಿಂದ ಗುದ್ದಿದ. ಆ ಸದ್ದು ತೆಂಗಿನಕಾಯಿ ಒಡೆದಂತಿತ್ತು. ಎಂಬತ್ತೊಂದರಲ್ಲಿ ನ್ಯಾಮತಿಯವನೊಬ್ಬನ ದವಡೆ ಮುರಿದು, ರಕ್ತ ಕಣದ ನೆಲದ ಮೇಲೆ ಚೆಲ್ಲಿ, ಪೊಲೀಸರು ಮುರುಗೇಶಪ್ಪನವರ ಬಾಗಿಲಿಗೆ ಬಂದರು. ಮುರುಗೇಶಪ್ಪನವರು ಉಚ್ಚಂಗೆಪ್ಪನನ್ನು ಕರೆಸಿದರು.

"ನಾನು ಪೂಜೆ ಮಾಡೋ ಕಣ ಅದು. ಇನ್ನೊಂದು ಸಲ ಅಲ್ಲಿ ರಕ್ತ ಬಿತ್ತೋ, ಮುಳ್ಳುತಂತಿ ಹಾಕಿಸ್ತೀನಿ. ತಿಳೀತೇನು?"

"ತಿಳೀತ್ರೀ. ಇನ್ನು ಮ್ಯಾಲೆ ನಾನು ಕೈ ಎತ್ತಿದ್ರೆ ಹೇಳ್ರಿ."

ಎರಡು ವರ್ಷ ಎತ್ತಲಿಲ್ಲ. ಕೆನ್ನೆಗೆ ಹೊಡೆಸಿಕೊಂಡು ಹಲ್ಲು ಉಗುಳಿ ಮಣ್ಣು ಮುಚ್ಚಿದ, ಅಷ್ಟೇ.

ಎಂಬತ್ತಮೂರರ ಬೇಸಿಗೆಯಲ್ಲಿ ಚನ್ನಗಿರಿ ತಂಡ ಲಾರಿಯಲ್ಲಿ ಬಂದಿಳಿಯಿತು. ನೋಡಿದರೆ ಹನ್ನೊಂದು ಜನರದೂ ಚೊಗರು ಬನಿಯನ್. ಚನ್ನಗಿರಿಯವರೂ ಅಡಿಕೆ ಬೇಯಿಸುತ್ತಾರೆ ಎಂಬುದು ಆಟ ಗೊತ್ತುಮಾಡಿದ ನಮ್ಮ ತಲೆಗೆ ಹೊಳೆದಿರಲಿಲ್ಲ.

"ನೀವು ಬಿಚ್ರಿ" ಅಂದ ಅವರ ನಾಯಕ ಜುಂಜಪ್ಪ. "ನಾವು ಬಂದ ನೆಂಟರು."

"ಬಿಚ್ರಲೇ" ಎಂದು ಉಚ್ಚಂಗೆಪ್ಪ ನಮ್ಮವರಿಗೆ ಹೇಳಿದ.

"ಬಿಚ್ಚಿದ್ರೆ ಸೋತಂಗೆ ಕಣಣ್ಣ" ಅಂದ ಬೋರಣ್ಣ. "ಬೇಕಾದ್ರೆ ಅವರ ಚರ್ಮ ಬಿಚ್ತೀನಿ."

ಯಾರೂ ಬಿಚ್ಚಲಿಲ್ಲ. ಇಪ್ಪತ್ತೆರಡು ಜನ ಒಂದೇ ಬಣ್ಣದಲ್ಲಿ ಆಡಿದರು. ಚೆಂಡು ಯಾರು ಯಾರಿಗೆ ಕೊಡುತ್ತಿದ್ದಾರೆ ಎಂದು ತಿಳಿಯದೆ ನಾನು ಬಾವುಟವನ್ನು ಎರಡೂ ಕಡೆ ಎತ್ತುತ್ತಿದ್ದೆ. ಅರ್ಧ ಆಟ ಮುಗಿದು ಸ್ವಲ್ಪ ಹೊತ್ತಿಗೆ ಬೋರಣ್ಣ ನಮ್ಮವನೆಂದುಕೊಂಡು ಜುಂಜಪ್ಪನಿಗೇ ಚೆಂಡು ಕೊಟ್ಟ, ಅವನು ಗೋಲು ಹೊಡೆದು ಥ್ಯಾಂಕ್ಸ್ ಅಂದ. ಬೋರಣ್ಣನ ಮುಷ್ಟಿ ಆ ಮಾತಿನ ಮೇಲೇ ಬಿತ್ತು.

ಆಮೇಲೆ ಕಣದ ತುಂಬ ಮೊಣಕೈ, ಮೊಣಕಾಲು. ಒಬ್ಬನ ಕಿವಿಯನ್ನು ಇನ್ನೊಬ್ಬ ಕಚ್ಚಿ ಹಿಡಿದಿದ್ದ; ಇಬ್ಬರೂ ನಮ್ಮವರೇ. ಉಚ್ಚಂಗೆಪ್ಪ ನಡುವೆ ನುಗ್ಗಿ ಜುಂಜಪ್ಪನನ್ನು ತಬ್ಬಿಕೊಂಡು, "ರಕ್ತ ಬೀಳಬಾರ್ದು, ರಕ್ತ ಬೀಳಬಾರ್ದು" ಎಂದು ಕೂಗುತ್ತ, ಬಂದ ಏಟೆಲ್ಲ ತಾನೇ ತಿನ್ನುತ್ತಿದ್ದ. ನನಗೆ ಕಂಡದ್ದು ಮಾತ್ರ ಒಂದು ಅಗಲವಾದ ಚೊಗರು ಬೆನ್ನು ನಮ್ಮವನೊಬ್ಬನನ್ನು ಹಿಸುಕುತ್ತಿರುವುದು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಯಾರಿಗೂ ಹೊಡೆಯದ ಶೂರ ನಾನು, ಬಾವುಟದ ಗಳವನ್ನು ಎರಡೂ ಕೈಯಲ್ಲೆತ್ತಿ ಬೀಸಿದೆ. ಮೊಳೆ ಹೆಗಲಿನ ಕೆಳಗೆ ಹೊಕ್ಕು, ಗೇಣುದ್ದ ಸೀಳಿಕೊಂಡು ಇಳಿಯಿತು. ಬೆನ್ನು ತಿರುಗಿತು. ಉಚ್ಚಂಗೆಪ್ಪ.

ಅವನು ಒಂದು ಸಲ ನನ್ನ ಕೈಯ ಗಳ ನೋಡಿದ. ಕಚ್ಚಿದ ತುಟಿ ಬಿಡದೆ, ಬನಿಯನ್ನಿನ ಅಂಚನ್ನು ಚಡ್ಡಿಯೊಳಗೆ ಬಿಗಿಯಾಗಿ ಸಿಕ್ಕಿಸಿಕೊಂಡ. "ಆಟ ಮುಗಿದಿಲ್ಲ. ಊದ್ರೀ ಸೀಟಿ!" ಎಂದು ರೆಫರಿಯತ್ತ ಕೂಗಿದ. ಉಳಿದ ಇಪ್ಪತ್ತು ನಿಮಿಷವೂ ಗೋಲಿನ ಮುಂದೆ ನಿಂತ. ಎರಡು ಸಲ ಚೆಂಡಿಗೆ ಎಗರಿದ. ಬೆನ್ನು ಒದ್ದೆಯಾಗಿತ್ತು, ಬೆವರೆಂದು ಎಲ್ಲರೂ ಅಂದುಕೊಂಡರು. ಕಿವಿ ಕಚ್ಚಿಸಿಕೊಂಡವನ ರಕ್ತ ನೆಲಕ್ಕೆ ಬೀಳದಂತೆ ತಲೆಗೆ ಟವೆಲ್ ಸುತ್ತಿ ಲಾರಿಯ ಹಿಂದೆ ಕೂರಿಸಿದ್ದೆವು.

ಆಟ ಮುಗಿದ ಮೇಲೆ ಉಚ್ಚಂಗೆಪ್ಪ ನೇರವಾಗಿ ಕಣದಂಚಿನ ಮನೆಗೆ ನಡೆದ. ಮುರುಗೇಶಪ್ಪನವರು ಸುಣ್ಣ ಬಳಿದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ನೂಕಾಟ ಆತ್ರೀ. ರಕ್ತ ಬೀಳಲಿಲ್ಲ" ಎಂದು ಕೈಮುಗಿದ.

ಕೈ ಎತ್ತಿದಾಗ ಬನಿಯನ್ ಚಡ್ಡಿಯಿಂದ ಜಾರಿ ಹೊರಬಂತು. ಬಿಳಿ ಮೆಟ್ಟಿಲ ಮೇಲೆ ಒಂದು ಹನಿ ಬಿತ್ತು. ಇನ್ನೊಂದು.

"ಏನದು?" ಅಂದರು ಅವರು.

ಹಿಂದೆಯೇ ಬಂದಿದ್ದ ನಾನು ಗಳವನ್ನು ಬೆನ್ನ ಹಿಂದೆ ಸರಿಸಿದೆ. ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅನ್ನಪೂರ್ಣಮ್ಮ ಬಗ್ಗಿ ನೋಡಿದರು. ಮೂವತ್ತು ವರ್ಷ ಹಂಡೆಯ ಮುಂದೆ ನಿಂತವರು. ಕಾರ್ತಿಕದಲ್ಲಿ ಒಣಗಿದ ಚೊಗರು ಫಾಲ್ಗುಣದಲ್ಲಿ ತೊಟ್ಟಿಕ್ಕುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ತಾಲ್ಲೂಕಿನಲ್ಲಿಲ್ಲ.

"ಚೊಗರು ಕಣ್ರೀ" ಅಂದರು. "ಒಣಗಸದೇ ಹಾಕ್ಕಂಡು ಬಂದಾವೆ, ಗಲೀಜು ಮುಂಡೇವು." ತಂಬಿಗೆಯ ನೀರನ್ನೆಲ್ಲ ಮೆಟ್ಟಿಲ ಮೇಲೆ ಸುರಿದು, ಕಾಲಲ್ಲಿ ಉಜ್ಜಿದರು. ಉಚ್ಚಂಗೆಪ್ಪನ ಮುಖ ನೋಡದೆ, "ಹೋಗಪ್ಪ, ಬ್ಯಾಗ ಹೋಗು" ಅಂದರು.

ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವನು ಹಟ ಹಿಡಿದ. ಗಿರಣಿಯ ಹಿಂದೆ ಹೊಟ್ಟಿನ ರಾಶಿಯ ಮೇಲೆ ಬೋರಲು ಮಲಗಿ, ನನ್ನನ್ನು ಕರೆದ.

"ಓಂಕಾರಿ, ಚೆಂಡಿನ ಸೂಜಿ ತಗಂಡು ಬಾ."

"ಅಣ್ಣ, ನಾನು ಮೂಟೆ ಹೊಲಿಯೋನು..."

"ನಾನೇನು ಗುಲಾಬಿ ಹೂವೇನಲೇ? ಮೂಟೆನೇ ಅಂದ್ಕ."

ಸೂಜಿ ಕುದಿಸಿದೆ. ಮೊದಲ ಹೊಲಿಗೆಗೇ ನನಗೆ ವಾಂತಿ ಬಂತು; ಅವನಿಗೆ ನಗು ಬಂತು. ಐದನೆಯದಕ್ಕೆ ಧೈರ್ಯ ಮಾಡಿ, "ಯಾರು ಹೊಡೆದದ್ದು ಗೊತ್ತೈತೇನಣ್ಣ?" ಅಂದೆ.

"ಚೊಗರು ಬನಿಯನ್ ಇಪ್ಪತ್ತೆರಡು ಇದ್ವು. ಮೊಳೆ ಒಂದೇ ಇತ್ತು" ಅಂದ. "ಹೊಲಿಗೆ ಸಣ್ಣಗೆ ಬರಲಿ."

ಹದಿನಾಲ್ಕು ಹೊಲಿಗೆ ಬಂದವು. ಕಣಕ್ಕೆ ಮುಳ್ಳುತಂತಿ ಬರಲಿಲ್ಲ. ಆದರೆ ಒಳಗೆ ಏನು ಹರಿದಿತ್ತೋ, ಆ ಹೆಗಲು ಮತ್ತೆ ಮೂಟೆ ಹೊರಲಿಲ್ಲ. ಈಗ ಗಿರಣಿಯಲ್ಲಿ ದಬ್ಬಳ ಹಿಡಿದು ಕೂರುವವನು ಉಚ್ಚಂಗೆಪ್ಪ. ಅವನು ಹೊಲಿದ ಮೂಟೆ ಹೊರುವವನು ನಾನು. ಲಾರಿಯ ಹಲಗೆ ಹತ್ತುವಾಗ ನನ್ನ ಮೊಣಕಾಲು ನಡುಗುವುದನ್ನು ಅವನು ದಿನವೂ ನೋಡುತ್ತಾನೆ.

"ಬೆನ್ನು ಬಗ್ಗಿಸಲೇ, ಓಂಕಾರಿ" ಅನ್ನುತ್ತಾನೆ. "ಹೊಡೆಯಾಕೆ ನೆಟ್ಟಗಿದ್ರೆ ಸಾಕು, ಹೊರಾಕೆ ಬಗ್ಗಬೇಕು."