ಮನೆಯೊಳಗಿನ ತಾಲೀಮು

ನಾಟಕ ಭಾಳ ಛಲೋ ಮಾಡಿದ್ರಿ ಎಂದು ಯಾರಾದರೂ ಹೊಗಳಿದರೆ ರುಕ್ಮಿಣೀಬಾಯಿ ಇಂದಿಗೂ ತಲೆ ತಗ್ಗಿಸಿ ದಾರಿ ಬದಲಿಸುತ್ತಾರೆ. ಯಾಕೆಂದು ಕೇಳಿ.

ಬಾಗಲಕೋಟೆಯ ಸಾಲಿಯೊಂದರಲ್ಲಿ ಮೂವತ್ನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿ ಬಾಯಾರು ಎನಿಸಿಕೊಂಡವರು. ಮಗ ವಿಜಯಪುರದ ಬ್ಯಾಂಕಿನಿಂದ ವಾರಕ್ಕೊಮ್ಮೆ ಬರುವವ; ನವನಗರದ ಮನೆಯಲ್ಲಿ ಇವರು, ಸೊಸೆ ವರದಾ, ಇಬ್ಬರೇ. ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆಂದು ಓಣಿಯೇ ಹೇಳುತ್ತಿತ್ತು. ಇಂಥವರಿಗೆ ನಿವೃತ್ತಿಯಾದ ಮೇಲೆ ನಾಟಕದ ಹುಚ್ಚು ಹಿಡಿಯಿತು. ಹಿಡಿಯಲಿ, ಯಾರು ಬೇಡವೆಂದರು? ಆದರೆ ಮಹಿಳಾ ಮಂಡಳದ ನಾಟಕದಲ್ಲಿ ಸಿಕ್ಕಿದ್ದು ಸೊಸೆಯನ್ನು ಹುರಿದು ಮುಕ್ಕುವ ಅತ್ತೆಯ ಪಾತ್ರ. ಬಾಯಾರು ಬೈದರೆ ಪಾಠ ಓದಿದಂತೆ ಕೇಳುತ್ತಿತ್ತು.

ನಾಟಕ ಕಲಿಸುವ ಪಂಢರೀನಾಥ ಮಾಸ್ತರರು ಉಪಾಯ ಹೇಳಿದರು: "ಹದಿನೈದು ದಿನ ಮನ್ಯಾಗೂ ಆ ಅತ್ತೀನೇ ಆಗಿ ಇರ್ರಿ. ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಅವರೂ ನಾಟಕಾ ಮಾಡ್ತಾರ."

ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ಹೂಂ ಎಂದುಬಿಟ್ಟರು.

ಮೊದಲ ದಿನ ಊಟದ ಹೊತ್ತಿಗೆ ನಾಟಕದ ಪುಸ್ತಕದ ಮಾತನ್ನೇ ಎಸೆದರು: "ಇದೇನು ಸಾರೋ, ಮುಸುರಿ ನೀರೋ?"

ವರದಾ ಸೌಟು ಹಿಡಿದವಳು ಹಾಗೇ ನಿಂತಳು. ರುಕ್ಮಿಣೀಬಾಯಿಯವರ ಕರುಳು ಚುರ್ ಎಂದಿತು. ಆದರೂ ಕೋಣೆಗೆ ಹೋಗಿ ಕನ್ನಡಿಯೆದುರು ಅದೇ ಮಾತು, ಅದೇ ಹುಬ್ಬು, ಇನ್ನೊಮ್ಮೆ ಮಾಡಿ ನೋಡಿದರು. ದನಿಗೆ ಜೀವ ಬಂದಿತ್ತು. ನಾಲ್ಕನೆಯ ದಿನಕ್ಕೆ ಪುಸ್ತಕ ನೋಡುವ ಅಗತ್ಯ ಬೀಳಲಿಲ್ಲ. ವಾರದೊಳಗೆ ಕರುಳೂ ಸುಮ್ಮನಾಯಿತು. ತಮ್ಮ ಊಟ ಮುಗಿದ ಮೇಲೆ ಸೊಸೆ ಒಬ್ಬಳೇ ಗೋಡೆಯ ಕಡೆ ತಿರುಗಿ ಉಣ್ಣತೊಡಗಿದ್ದು ಕಣ್ಣಿಗೆ ಬಿದ್ದಾಗ ನಾಚಿಕೆಯಾಯಿತು. ಪ್ರಯೋಗ ಮುಗಿಯಲಿ, ಎಲ್ಲ ಹೇಳಿ ಇಬ್ಬರೂ ನಗೋಣ ಎಂದುಕೊಂಡು ಅದನ್ನೂ ನುಂಗಿದರು.

ಪ್ರಯೋಗದ ದಿನ ಚಪ್ಪಾಳೆಯೋ ಚಪ್ಪಾಳೆ. ಎರಡನೆಯ ಸಾಲಿನಲ್ಲಿ ಕೂತ ವರದಾ ಮಾತ್ರ ಕೈ ತಟ್ಟಲಿಲ್ಲ. ಮನೆಯಲ್ಲಿ ತನಗೆ ಬಿದ್ದ ಮಾತುಗಳು ಒಂದೊಂದಾಗಿ ರಂಗದ ಮೇಲೆ ಬರುವುದನ್ನು ಕೇಳುತ್ತ ಕೂತಳು.

ಮರುದಿನ ಬೆಳಿಗ್ಗೆ ರುಕ್ಮಿಣೀಬಾಯಿ ನಾಟಕದ ಪುಸ್ತಕವನ್ನು ಅಡುಗೆಮನೆಗೆ ತಂದು ಸೊಸೆಯ ಕೈಗಿಟ್ಟರು. "ಎಲ್ಲಾ ತಾಲೀಮು ಆಗಿತ್ತವಾ. ಮಾಸ್ತರರು ಹೇಳಬ್ಯಾಡ ಅಂದಿದ್ರು. ಒಂದೂ ನನ್ನ ಮಾತಲ್ಲ, ಬೇಕಾದ್ರ ಓದಿ ನೋಡು."

ವರದಾ ಓದಿಯೇ ಬಿಟ್ಟಳು. ಒಲೆ ಆರಿಸಿ, ಕಟ್ಟೆಗೆ ಆತು ನಿಂತು, ಮೊದಲ ಪುಟದಿಂದ ಕೊನೆಯವರೆಗೆ. ಪುಟ ಮಗುಚಿದಂತೆ ಅತ್ತೆಯ ಮುಖದ ನಗು ಇಳಿಯುತ್ತ ಬಂತು. ಸೊಸೆ ಏನು ಹುಡುಕುತ್ತಿದ್ದಾಳೆಂದು ಅವರಿಗೆ ಹೊಳೆದುಬಿಟ್ಟಿತ್ತು.

"ಇದರಾಗ ಒಂದು ಮಾತು ಇಲ್ರಿ ಅತ್ಯಾರ," ಎಂದಳು ವರದಾ. "ಎರಡೂ ಬಸಿರು ದಕ್ಕಿಸಿಕೊಳ್ಳಲಾರದಾಕಿ ಅಂದ್ರಲ್ಲ ಮೊನ್ನೆ ಮಂಗಳವಾರ. ಅದು ಯಾರದ್ರಿ?"

ಪಾತ್ರದ ಭರದಲ್ಲಿ ಬಾಯಿಗೆ ಬಂತು ಎನ್ನಬಹುದಿತ್ತು. ಹುಡುಗಿ ನಂಬುತ್ತಿದ್ದಳೋ ಏನೋ. ಆದರೆ ಆ ಮಾತು ಎರಡು ವರ್ಷದಿಂದ ತಮ್ಮ ಹೊಟ್ಟೆಯಲ್ಲೇ ಕೂತಿತ್ತು, ಹೊರಬರಲು ಒಂದು ನೆವ ಬೇಕಾಗಿತ್ತು ಅಷ್ಟೇ ಎಂಬುದು ರುಕ್ಮಿಣೀಬಾಯಿಯವರಿಗೆ ಗೊತ್ತಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದರು.

"ನಂದವಾ," ಎಂದರು. "ಅದೊಂದು ನಂದು."